ಕೆಳಬಾಣ

ಕುಟೈಸಿಯ ಬೇಕರಿಯ ಹಿಂಗೋಣೆ. ಹಿಟ್ಟಿನ ಕೈ ಒರೆಸಿಕೊಂಡು
ತ್ಸಿಯಾಲಾ ಕಂಪ್ಯೂಟರ್ ಹಚ್ಚುತ್ತಾಳೆ.
ಕಪ್ಪು ತೆರೆಯಲ್ಲಿ ಎರಡೇ ಸಾಲು:
ಮೇಲೆ ಲಿನಕ್ಸ್, ಅಳಿಯ ಹಾಕಿಕೊಟ್ಟದ್ದು;
ಕೆಳಗೆ ವಿಂಡೋಸ್, ಉದ್ರಿ ಲೆಕ್ಕವೆಲ್ಲ ಅದರೊಳಗೆ.

ಹತ್ತು. ಒಂಬತ್ತು. ಕೆಳಬಾಣ ಒತ್ತಿದಳು.
ಎಂಟು. ಕೀಲಿಮಣೆಯ ದೀಪವೇ ಇಲ್ಲ.
ಕುಟ್ಟಿದಳು, ಕಿತ್ತು ಇನ್ನೊಂದು ತೂತಿಗೆ ಚುಚ್ಚಿದಳು.
ಎರಡು, ಒಂದು.
ಲಿನಕ್ಸೇ ಬಂತು. ಆಮೇಲೆ ಹೊತ್ತಿತು ದೀಪ,
ಧಾರೆ ಮುಗಿದ ಮೇಲೆ ಬಂದ ವಾಲಗದವನ ಹಾಗೆ.

‘ಸೆಟ್ಟಿಂಗ್ ಬದಲಿಸಿದರಾಯ್ತು’ ಅಂದ ಫೋನಿನಲ್ಲಿ ಅಳಿಯ.
ಅದಕ್ಕೂ ಕೀಲಿಮಣೆಯೇ ಬೇಕಲ್ಲ ಮಾರಾಯ!

ಗಡಿಯಾರ ರಿಪೇರಿಯ ಓತಿಯಾ ಅಟ್ಟದಿಂದ ಇಳಿಸಿ ತಂದ
ಗುಂಡು ಮೂತಿಯ ಹಳೆಯದೊಂದು, ಜೇಡರ ಬಲೆ ಸಮೇತ.
ಬಾಣ ಇಳಿಯಿತು.

ಲೆಕ್ಕ ತೆರೆದಳು. ಓತಿಯಾನ ಬಾಕಿ
ನಲವತ್ತು ರೊಟ್ಟಿ.
ಅಳಿಸುವ ಗುಂಡಿಯ ಮೇಲೆ ಬೆರಳು
ಹತ್ತು ಸೆಕೆಂಡು ನಿಂತಿತು.