ಎರಡು ಪಟ್ಟು

ಕೂನಬರಾಬ್ರನ್ ಊರಿನ ದೊಡ್ಡ ಬೀದಿಯಲ್ಲಿ
ನಾಣ್ಯ ಹಾಕಿದರೆ ತಿರುಗುವ ಬಟ್ಟೆಯಂತ್ರಗಳ ಅಂಗಡಿ.
ದುಪ್ಪಟಿಯ ಆ ತುದಿ ಡೋರೀನ್ ಹಿಡಿದಳು, ಈ ತುದಿ ನಾನು.
"ಹೂವಿನ ಮೇಲೆ ಹೂವೇ ಕೂರಬೇಕು," ಅಂದಳು,
"ಕೂರದಿದ್ದರೆ ಮಡಿಕೆ ತಪ್ಪಿದೆ, ಬಿಚ್ಚು."

ನನ್ನ ರಾತ್ರಿಪಾಳಿಯ ಕೆಲಸವೂ ಇಷ್ಟೇ.

ಗುಡ್ಡದ ಮೇಲಿನ ಅಗಲಗಣ್ಣಿನ ಕ್ಯಾಮೆರಾ
ಒಂದೇ ಸಲಕ್ಕೆ ಅಂಗೈಯಗಲ ಆಕಾಶ ಬಾಚುತ್ತದೆ,
ಎಂಬತ್ತು ಸಾವಿರ ಚುಕ್ಕಿ.
ಮೋಡವಿಲ್ಲದ ಪ್ರತಿ ಇರುಳೂ ಅದೇ ಜಾಗ, ಅವೇ ಚುಕ್ಕಿ,
ನಿನ್ನೆ ಎಷ್ಟಿತ್ತು ಬೆಳಕು, ಇವತ್ತು ಎಷ್ಟು.
ಬಹುಪಾಲು ಏನೂ ಆಗುವುದಿಲ್ಲ;
ತಮ್ಮಷ್ಟಕ್ಕೆ ಒಂದು ಗೆರೆ ಎಳೆದುಕೊಂಡು ಹೋಗುತ್ತವೆ.
ಕೆಲವು ಮಾತ್ರ ಚೆಲ್ಲಾಪಿಲ್ಲಿ,
ಸಾಸಿವೆ ಡಬ್ಬಿ ಕೈಜಾರಿದ ಹಾಗೆ ಪರದೆಯ ತುಂಬ.

ಆ ಸಾಸಿವೆಯನ್ನು ಮಡಿಸಬೇಕು.
ಮೂರು ವರ್ಷದ ಇರುಳುಗಳನ್ನು ಒಂದರ ಮೇಲೊಂದು,
ಅರ್ಧ ದಿನಕ್ಕೆ, ಐದೂವರೆಗೆ, ಇನ್ನೂರ ಎಂಬತ್ತಕ್ಕೆ.
ಅಳತೆ ಸಿಕ್ಕ ಗಳಿಗೆ
ಚುಕ್ಕಿಗಳು ಎದ್ದು ಸಾಲಾಗಿ ನಿಲ್ಲುತ್ತವೆ.
ಸರಕ್ಕನೆ ಏರಿ ನಿಧಾನ ಜಾರಿದರೆ ಉಬ್ಬಿ ಕುಗ್ಗುವ ತಾರೆ.
ಸಪಾಟು ನಡೆದು ದಿಢೀರನೆ ಗುಂಡಿಗೆ ಬಿದ್ದರೆ
ಒಂದನ್ನೊಂದು ಮರೆಮಾಡುವ ಜೋಡಿ.
ವರ್ಷಕ್ಕೊಮ್ಮೆ ಕೆಂಪಗೆ ಏದುಸಿರು ಬಿಡುವ ಮುದಿತಾರೆಗಳಿಗೆ
ಬೇರೆಯೇ ಕಡತ.

ಮೊದಲ ವಾರವೇ ಹೇಳಿಕೊಟ್ಟಿದ್ದರು:
ಸರಿಯಾಗಿ ಒಂದು ದಿನದ ಅವಧಿ ಬಂದರೆ ನಂಬಬೇಡ.
ಅದು ನಕ್ಷತ್ರದ ಲಯವಲ್ಲ, ನಿನ್ನದು.
ಇರುಳಷ್ಟೇ ನೋಡಬಲ್ಲವರ ಗಡಿಯಾರ
ಅಷ್ಟು ದೂರ ಹೋಗಿ ಅಲ್ಲಿ ಕೂತಿರುತ್ತದೆ.
ಇಪ್ಪತ್ತೊಂಬತ್ತೂವರೆ ಬಂದರೆ, ಚಂದ್ರನ ಚೇಷ್ಟೆ.
ಒಮ್ಮೆ ಸ್ಫೋಟವೊಂದನ್ನು ಕಂಡು ಕುರ್ಚಿ ಬಿಟ್ಟು ಕುಣಿದಿದ್ದೆ;
ಬಿಸಿಲಿಗೆ ಹೊಳೆದು ಹೋದ ಉಪಗ್ರಹದ ರೆಕ್ಕೆ.

ನನಗೂ ಹುಟ್ಟಿದಾಗ ಒಂದು ನಕ್ಷತ್ರ ಬರೆದಿದ್ದರು, ಆರಿದ್ರಾ.
ಅದೂ ಮಂಕಾಗುತ್ತದೆ, ಮತ್ತೆ ಬೆಳಗುತ್ತದೆ,
ಲಯವೋ ಅಷ್ಟಕ್ಕಷ್ಟೆ ಎಂದು
ಜಾತಕ ಬರೆದವರು ಹೇಳಲಿಲ್ಲ.
ನಮ್ಮ ಕ್ಯಾಮೆರಾಕ್ಕೆ ಅದು ತೀರಾ ಪ್ರಖರ,
ಕಣ್ಣು ಕುಕ್ಕಿ ಅಕ್ಕಪಕ್ಕದ ನೂರನ್ನು ನುಂಗಿಬಿಡುತ್ತದೆ.
ಪಟ್ಟಿಯಿಂದಲೇ ತೆಗೆದಿದ್ದೇವೆ.

ಡೋರೀನ್ ಟ್ಯಾಚೆಲ್ ಹಗಲು ಶಾಲೆಯ ಬಸ್ಸು ಓಡಿಸಿದವಳು,
ಇರುಳು ಕುರಿಬಯಲಿನಲ್ಲಿ ಮಡಿಸುವ ಕುರ್ಚಿ, ದುರ್ಬೀನು,
ನಲವತ್ತು ವರ್ಷ.
ಅವಳ ಪುಸ್ತಕದಲ್ಲಿ ಅಂಕಿಗಿಂತ ಮಾತೇ ಹೆಚ್ಚು:
"ಎಡಗಡೆಯವನಿಗಿಂತ ಕೂದಲೆಳೆ ಮಂಕು."
"ಇವತ್ತು ಇಬ್ಬರೂ ಸಮ."

ಯಂತ್ರ ತಿರುಗುವಷ್ಟು ಹೊತ್ತು ಅವಳಿಗೆ ತೋರಿಸಿದೆ
ನಲವತ್ತೊಂದು ಸಾವಿರದ ಏಳುನೂರ ಆರನೆಯದನ್ನು.
ಅವಧಿ ಏಳೂವರೆ ಗಂಟೆ. ಒಂಟಿ. ಉಬ್ಬಿ ಕುಗ್ಗುವ ಜಾತಿ.
ಕನ್ನಡಕ ಹಣೆಗೇರಿಸಿ ನೋಡಿದಳು.
"ಎರಡು ಪಟ್ಟು ಮಾಡು."
ನೂರಕ್ಕೆ ತೊಂಬತ್ತೇಳು ಖಚಿತ ಅಂದಿದೆ ಕಂಪ್ಯೂಟರ್, ಅಂದೆ.
"ಅದು ದುಪ್ಪಟಿ ಮಡಿಸಿದೆಯಾ ಎಂದಾದರೂ?"

ಹದಿನೈದು ಗಂಟೆಗೆ ಬಿಚ್ಚಿದೆ.
ಒಂದು ಗುಂಡಿ ಇದ್ದಲ್ಲಿ ಎರಡು;
ಒಂದು ಆಳ, ಇನ್ನೊಂದು ಅವಳು ಅನ್ನುವಂತೆ
ಕೂದಲೆಳೆ ಕಡಿಮೆ.
ಇಬ್ಬರನ್ನು ಒಬ್ಬರ ಮೇಲೊಬ್ಬರು ಇಟ್ಟು
ಒಂಟಿ ಎಂದು ಬರೆದಿದ್ದೆ.
ಅಳಿಸಿ ಬರೆದೆ: ಜೋಡಿ. ಮೈಗೆ ಮೈ ತಾಗುವಷ್ಟು ಹತ್ತಿರ.

ಅವಳ ಹಳೆಯ ಪುಸ್ತಕಗಳನ್ನೂ ಈಗ ಪರದೆಗೆ ಏರಿಸುತ್ತಿದ್ದೇನೆ,
ಒಂದೊಂದು ಸಾಲು, ಒಂದೊಂದು ಚುಕ್ಕಿ.
ಒಂದು ಚಳಿಗಾಲ ಹದಿಮೂರು ವಾರ ಖಾಲಿ.
ಮೋಡವಾ, ಎಂದು ಕೇಳಿದೆ.
"ಅಲ್ಲ," ಅಂದಳು, ದಿಂಬಿನ ಚೀಲದ ಮೂಲೆ ಸರಿಮಾಡುತ್ತ.
ಕಾಡ್ಗಿಚ್ಚಿನ ಹೊಗೆಯಾ?
"ಆಕಾಶ ಚೆನ್ನಾಗಿಯೇ ಇತ್ತು."

ಈ ಕಡೆಯ ಚುಕ್ಕಿಯಿಂದ ಆ ಕಡೆಯದಕ್ಕೆ
ಗೆರೆ ಎಳೆದು ಮುಚ್ಚುವುದು ಸುಲಭ.
ನಮ್ಮ ಕಸುಬಿನಲ್ಲಿ ಹಾಗೆ ಮಾಡುವುದಿಲ್ಲ.
ಇದ್ದ ಹಾಗೇ ಬಿಟ್ಟೆ.

ಯಂತ್ರ ನಿಂತಿತು. ಇನ್ನೊಂದು ದುಪ್ಪಟಿ ಇತ್ತು,
ಬಿಸಿಬಿಸಿ. ತುದಿ ಹುಡುಕಿ ನನ್ನ ಕೈಗೆ ಕೊಟ್ಟಳು.