ಮೂರನೇ ಬ್ಯಾಟರಿ

ಬ್ಯಾಡಗಿ ಮಾರ್ಕೆಟ್ಟಿನ ಹಿಂದ, ವೇಬ್ರಿಜ್ಜಿನ ಬಾಜೂಕ ನನ್ನ ಅಂಗಡಿ.
ತಗಡಿನ ಮಾಡು, ಒಂದು ಬೆಂಚು,
ಗೋಡಿ ತುಂಬ ಮೊಳೆಗೆ ನೇತುಬಿದ್ದ ಸತ್ತ ಡೈನಮೊ.
ಆಲ್ಟರ್ನೇಟರ್ ಅಂತ ಇಲ್ಲೆ ಯಾರೂ ಅನ್ನೂದಿಲ್ಲ,
ನಾನೂ ಬಿಲ್ಲಿನ್ಯಾಗ ಅಷ್ಟ ಹಂಗ ಬರೀತೇನಿ.

ಫೆಬ್ರುವರಿ. ಊರಿಗೆ ಊರ ಸೀನತಿತ್ತು. ಕರೆಂಟು ಹೋಗಿತ್ತು.
ಬೆಂಚಿನ ಮ್ಯಾಲ ಒಂದು ಸಣ್ಣ ಬಲ್ಬು ಉರೀತಿತ್ತು.
ಹತ್ತರ ಮ್ಯಾಲ ಭರಮಪ್ಪನ ಓಮ್ನಿ ಬಂತು,
ಬಂತು ಅನ್ನೂದಕ್ಕಿಂತ
ನಾಕು ಮಂದಿ ಹಮಾಲರು ದಬ್ಬಿಕೊಂಡು ತಂದ್ರು.
ದೀಪ ಹಚ್ಚಿದ್ರ ಇಂಜಿನ್ನು ಕೆಮ್ಮತಿತ್ತಂತ,
ಆರಿಸಿದ್ರ ನಡೀತಿತ್ತಂತ.
ಮೋಟೆಬೆನ್ನೂರಿನಿಂದ ಒಂದು ಲಾರಿಯ ಕೆಂಪು ಬೆನ್ನ ನೋಡಕೋತ
ಕುರುಡ ಕೋಲ ಹಿಡದಂಗ ಬಂದಾನ.

"ಬ್ಯಾಟರಿ ಹಾಕು" ಅಂದ.
ದೀಪಾವಳಿಗೆ ನಾನ ಒಂದು ಹಾಕಿದ್ದೆ.
ಸಂಕ್ರಾಂತಿಗೆ ಹಾವೇರ್ಯಾಗ ಮತ್ತೊಂದು ಹಾಕಿಸ್ಯಾನ.
ಇದು ಮೂರನೇದು.

ಹಿಂದ ಮೆಣಸಿನಕಾಯಿ ಚೀಲದ ನಡುವ ದ್ಯಾಮವ್ವ ಕುಂತಿದ್ಲು,
ತೊಟ್ಟು ಬಿಡಸೂ ಹೆಣ್ಣುಮಕ್ಕಳ್ನ ಕರಕೊಂಡು ಬರೂ ಮೇಸ್ತ್ರಿ.
ಗಾಡಿ ಇಳೀಲಿಲ್ಲ. ಕುಂತಲ್ಲೇ ಸುರು ಮಾಡಿದ್ಲು:

"ಹದಿನೈದು ದಿನ ಆತು, ಇಂಡಿಕೇಟರ್ ಸಾವಕಾಶ ಬಡಕೊಳ್ಳಾಕತ್ತೇತಿ.
ಹಾರ್ನಿಗೆ ನೆಗಡಿ.
ರೈಲ್ವೆ ಗೇಟಿನ್ಯಾಗ ನಿಂತ್ರ ಲೈಟು ಅರಿಷಿಣ,
ಎಕ್ಸಲೇಟರ್ ಒತ್ತಿದ್ರ ಬೆಳ್ಳಗ.
ಮುಂದ ಎಲ್ಲೋ ಒಂದು ಸೊಳ್ಳಿ ಕೂಗತಿತ್ತು,
ಗಾಡಿ ಓಡಿದಷ್ಟು ಅದೂ ಜೋರ ಕೂಗತಿತ್ತು.
ರಬ್ಬರ್ ಸುಟ್ಟ ವಾಸನಿ ಬಂತು ಅಂದೆ,
ಇವರು, ಕಾಯಿ ಘಾಟು, ಸುಮ್ಮನಿರು ಅಂದ್ರು.
ಕಾಯಿ ಘಾಟು ನನಗ ಗೊತ್ತಿಲ್ಲೇನು?
ಇಪ್ಪತ್ತು ವರ್ಷ ಇದರಾಗ ಉಸುರಾಡೇನಿ.
ಅದು ಮೂಗು ಚುಚ್ಚತೇತಿ.
ಇದು ಗಂಟಲಾಗ ಇಳದು ಕುಂತಬಿಡ್ತು."

ಭರಮಪ್ಪ ಬೀಡಿ ಹುಡುಕಾಕತ್ತಿದ್ದ.
ನಾನು ಚಾವಿ ತಿರುವಿದೆ. ಮೀಟರಿನ್ಯಾಗ ಬ್ಯಾಟರಿ ಚಿತ್ರದ ಕೆಂಪು ದೀಪ
ಇರೂ ಜಾಗದಾಗ ಸೇಬಿನ ಸ್ಟಿಕ್ಕರ್.
"ರಾತ್ರಿ ಕಣ್ಣಿಗೆ ಚುಚ್ಚತಿತ್ತು" ಅಂದ.

ನನ್ನ ಕಡೆಯ ಬ್ಯಾಟರಿ ತಾತ್ಪೂರ್ತ ಹಚ್ಚಿ ಚಾಲೂ ಮಾಡಿದೆ.
ಮೀಟರ್ ಮುಟ್ಟಿಸಿದೆ. ಹದಿನಾಲ್ಕು ಇರಬೇಕು.
ಹನ್ನೆರಡಕ್ಕೂ ಕಮ್ಮಿ, ನೋಡ್ತ ನೋಡ್ತ ಇನ್ನೂ ಇಳೀತಿತ್ತು.
ಡೈನಮೊದ ಬೆನ್ನಿಗೆ ಸ್ಕ್ರೂಡ್ರೈವರ್ ಹಿಡದೆ,
ಜೀವ ಇದ್ರ ಜಗ್ಗಬೇಕು. ಜಗ್ಗಲಿಲ್ಲ.
ಬಿಚ್ಚಿದೆ. ಕಾರ್ಬನ್ನು ಸವದು ಸವದು
ಸೇದಿ ಒಗದ ಬೀಡಿ ತುಂಡಿನಷ್ಟಾಗಿತ್ತು.
ಬೇರಿಂಗಿನ್ಯಾಗ ಗ್ರೀಸ್ ಹನಿ ಇಲ್ಲ.
ಸೊಳ್ಳಿ ಅಲ್ಲೇ ಇತ್ತು.

"ಭರಮಪ್ಪಣ್ಣ, ಹಗ್ಗ ಹರದೈತಿ,
ನಾವು ಹೊಸ ಹೊಸ ಕೊಡ ತರಾಕತ್ತೇವಿ" ಅಂದೆ.
ನಾವು ಅಂದದ್ದು ಬರೇ ಮರ್ಯಾದಿಗಲ್ಲ.
ದೀಪಾವಳಿ ದಿನ ಮೀಟರ್ ಹಚ್ಚಿದ್ರ ಎರಡು ನಿಮಿಷದ ಕೆಲಸ.
ಅವಗ ಅವಸರ ಇತ್ತು. ನನಗ ಹಬ್ಬ ಇತ್ತು.

ಒಂದು ಗಂಟೆಗೆ ಜೋಡಿಸಿ ಮುಗಿಸಿದೆ.
ಹದಿನಾಲ್ಕು ಪಾಯಿಂಟ್ ಒಂದು.
ಲೈಟು ಹಚ್ಚಿದ ಕೂಡಲೇ ವೇಬ್ರಿಜ್ಜಿನ ಮ್ಯಾಲಿನ ನಾಯಿ ಎದ್ದು ಓಡ್ತು.
ದ್ಯಾಮವ್ವ ಆಗ ಇಳದ್ಲು. ಸೆರಗಿನಾಗಿನ ಬೀಜ ಜಾಡಿಸಿದ್ಲು.
ಮುಂದಿನ ಸೀಟಿನ ಬುಡಕ, ಇಂಜಿನ್ನಿಗೆ ಕಿವಿ ಕೊಟ್ಟು ನಿಂತ್ಲು,
ತೊಟ್ಟಿಲ ಮ್ಯಾಲ ಬಗ್ಗಿದಂಗ.
"ಹೋತು" ಅಂದ್ಲು.

ಹೋಗೂ ಮುಂದ ಕೇಳಿದ್ಲು,
"ದೀಪಾವಳ್ಯಾಗ ನಮ್ಮ ಹಳೇ ಬ್ಯಾಟರಿ ಇಟಗೊಂಡಿದ್ರೆಲ್ಲ,
ಕೆಟ್ಟೇತಿ ಅಂತ. ಏನಾತು ಅದು?"

ಅಷ್ಟೊತ್ತನ ಯಾವ ಬೆಳಕಿನ್ಯಾಗ ಕೆಲಸ ಮಾಡಿದ್ವೋ
ಆ ಬಲ್ಬು ಆಕಿ ತಲಿ ಮ್ಯಾಲ ಒಂದ ಸಮ ಉರೀತಿತ್ತು.
ಅದರ ವೈರು ಗೋಡಿ ಹಿಡದು ಬೆಂಚಿನ ಬುಡಕ ಇಳದಿತ್ತು.
ಆಕಿ ಕಣ್ಣೂ ವೈರಿನ ಗುಂಟ ಇಳಿಯಾಕತ್ತಿದ್ವು.

ನಾನು ಬಿಲ್ ಬುಕ್ಕು ಹುಡುಕಾಕತ್ತಿದ್ದೆ.
ಅದು ನನ್ನ ಕೈಯಾಗ ಇತ್ತು.