ನಲವತ್ತೊಂದನೇ ಗಂಡು

ಗಾಳದ ಕೋಲು ಹೆಗಲಿಗಿಟ್ಟು ಬಂಡೆ ಹತ್ತುವವಳನ್ನು ನೋಡಿ
ನಗದವರಿಲ್ಲ ಬಾಗಲೂರಿನ ಈ ಕಡೆ.
'ಕೆರೆ ಅಕ್ಕಡೆ ಐತೆ ಮೇಡಂ' ಅಂದಿದ್ದ ಪಿಳ್ಳಪ್ಪ, ಮೊದಲ ದಿನ,
ವಾಚ್‌ಮನ್ ಲಾಠಿಯಲ್ಲೇ ದಿಕ್ಕು ತೋರಿಸಿ.
ಅಲ್ಲೂ ನೀರಿರಲಿಲ್ಲ, ಅದು ಬೇರೆ ಮಾತು.

ಕೋಲಿನ ತುದಿಗೆ ದಾರದ ಕುಣಿಕೆ.
ಉಸಿರು ಬಿಗಿಹಿಡಿದು ಗೇಣು ಗೇಣೇ ಸರಿದು
ದಂಡ ಹೊಡೆಯುತ್ತಿದ್ದ ಪೈಲ್ವಾನನ ಕೊರಳಿಗೆ
ಹಾರ ಹಾಕುವ ಹಾಗೆ ಇಳಿಬಿಟ್ಟೆ.
ಸಿಕ್ಕ ಓತಿಕ್ಯಾತ.

ಹೆಣ್ಣು ಎದುರಾದರೆ ಬೆನ್ನಿಗೆ ಕೆಂಪೇರುವವನು,
ಗಂಡು ಬಂದರೆ ಹಳದಿಯಾಗಿ ಉರಿಯುವವನು
ನನ್ನ ಅಂಗೈಯಲ್ಲಿ
ಎಣ್ಣೆ ತೀರಿದ ದೀಪದಂತೆ ಕಂದಿಹೋದ.
ಮೂತಿಯಿಂದ ಬಾಲದ ಬುಡಕ್ಕೆ ನೂರ ಹದಿನೆಂಟು ಮಿಲಿಮೀಟರು.
ಎದೆ ಮಾತ್ರ ಅಳೆಯಲಾಗದಷ್ಟು ಬೇಗ ಬಡಿಯುತ್ತಿತ್ತು.
ಬಾಲದ ಬುಡಕ್ಕೆ ಮೂರು ಮಣಿ: ನೀಲಿ, ಬಿಳಿ, ನೀಲಿ.
'ಕಿವಿ ಚುಚ್ಚೋ ಶಾಸ್ತ್ರ ಮಾಡ್ದಂಗಾಯ್ತು' ಅಂದ ಪಿಳ್ಳಪ್ಪ,
'ಸೋದರಮಾವ ಬರಬೇಕಿತ್ತು.'

ಹದಿನೇಳು ವರ್ಷ ಅವನು ಇದೇ ಸಾಲಿನ ಕಲ್ಲು ಒಡೆದವನು.
ಬಂಡೆಗೆ ಕಿವಿಯಿಟ್ಟು ಉಳಿಯ ಹಿಡಿಯಿಂದ ಕುಟ್ಟಿ
'ಇಲ್ಲಿ ಎಳೆ ಐತೆ, ಒಳಗೆ ಟೊಳ್ಳು,
ರಾತ್ರಿ ನಿಮ್ಮೋರೆಲ್ಲ ಇಲ್ಲೇ ಮಲಗೋದು' ಅನ್ನುತ್ತಿದ್ದ.
ಒಂದು ಸಲವೂ ತಪ್ಪಲಿಲ್ಲ.
ನನ್ನ ಪ್ರಬಂಧದ 'ವಿಧಾನ' ಅಧ್ಯಾಯದಲ್ಲಿ
ಆ ಕಿವಿಗೆ ಜಾಗ ಸಿಗಲಿಲ್ಲ.

ಲ್ಯಾಬಿನಲ್ಲಿ ಎರಡು ಕಲ್ಲಿನ ಗೂಡು, ಬೇರೆ ಬೇರೆ ಬಣ್ಣದವು.
ಒಂದರಲ್ಲಿ ಅಡಗಿದರೆ ಅಲ್ಲಿಂದ ಎಬ್ಬಿಸುತ್ತೇವೆ, ಇನ್ನೊಂದರಲ್ಲಿ ಬಿಡುತ್ತೇವೆ.
ಊರಾಚೆ ಗುಡ್ಡದವು ಮತ್ತೆ ಮತ್ತೆ ಮೋಸಹೋದವು.
ಪಟ್ಟಣದವು ಬೇಗ ಕಲಿತವು
ಯಾವ ಮನೆಯಲ್ಲಿ ಇರಗೊಡುತ್ತಾರೆ, ಯಾವುದರಲ್ಲಿ ಇಲ್ಲ ಎಂದು.
ಆದರೆ ಪಟ್ಟಣದವಕ್ಕೆ ಬಣ್ಣ ಅಷ್ಟು ಏರುವುದಿಲ್ಲ.
ಇದಿಷ್ಟೂ ಗ್ರಾಫಿನಲ್ಲಿ ಎರಡು ಗೆರೆ.
'ಸ್ಯಾಂಪಲ್ ಸಾಲದು' ಅಂದರು ಗೈಡ್, ಕನ್ನಡಕ ಒರೆಸುತ್ತ.

ಸ್ಯಾಂಪಲ್ ಹುಡುಕಿ ಯುಗಾದಿ ಕಳೆದು ಹೋದೆ.
ಬಂಡೆ ಇರಲಿಲ್ಲ.
ಬಂಡೆಯಿದ್ದಲ್ಲಿ ಆಕಾಶ ಇತ್ತು, ಆಮೇಲೆ ಕಾಂಪೌಂಡು,
ಕಾಂಪೌಂಡಿನ ಮೇಲೆ ಗಾಜಿನ ಚೂರು,
ಗೇಟಿನಲ್ಲಿ ಹಿತ್ತಾಳೆ ಅಕ್ಷರದಲ್ಲಿ 'ರಾಕ್ ವ್ಯೂ ರೆಸಿಡೆನ್ಸಿ'.
ಪಿಳ್ಳಪ್ಪನಿಗೆ ಹೊಸ ಯೂನಿಫಾರಂ, ಒಂದು ಸೈಜು ದೊಡ್ಡದು.

'ಬನ್ನಿ' ಅಂದ, ಮಾತಿಲ್ಲದೆ ನಡೆದ,
ಜನರೇಟರಿನ ಹಿಂದೆ, ಬಿಸಿಲು ಬೀಳುವ ಗೋಡೆಗೆ.
ಅಲ್ಲಿದ್ದ,
ಎರಡು ಗಾಜಿನ ಚೂರುಗಳ ನಡುವೆ ಹೊಟ್ಟೆ ಊರಿಕೊಂಡು.
ಬೆನ್ನ ಮೇಲೆ ಹಳೆಯ ಸೀರೆಯ ಅಂಚಿನಷ್ಟು ಹಳದಿ.
ನೀಲಿ, ಬಿಳಿ, ನೀಲಿ.

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ—
ಸುಳ್ಳರನ್ನು ಹಂಗಿಸುವ ಮಾತು ಅದು, ಗೊತ್ತು.
ಇಲ್ಲಿ ಬೇಲಿ ಹೋಯಿತು, ಗೂಟ ಹೋಯಿತು,
ಬೆಟ್ಟದಂಥ ಕಲ್ಲೇ ಹೋಯಿತು.
ಉಳಿದ ಸಾಕ್ಷಿ ಇವನೊಬ್ಬ, ತಲೆ ಆಡಿಸುತ್ತಾನೆ.
ಹೌದೆಂದೋ, ಅಲ್ಲವೆಂದೋ,
ಈ ಗೋಡೆ ನನ್ನದು ಎಂದೋ.

ಕೊರೋನಾದಲ್ಲಿ ಹಣೆಗೆ ಹಿಡಿಯುತ್ತಿದ್ದಂಥದೇ ಗನ್ನು ತೆಗೆದು
ಗೋಡೆಗೆ ಹಿಡಿದೆ: ನಲವತ್ತಾರು ಪಾಯಿಂಟ್ ಎರಡು.
'ನಂಗೂ ಒಂದಪ ಇಡಿ' ಟೋಪಿ ತೆಗೆದ ಪಿಳ್ಳಪ್ಪ.
ಹಣೆಯಲ್ಲಿ ಟೋಪಿಯ ಗೆರೆ,
ಹುಬ್ಬಿನ ಹತ್ತಿರ ಯಾವತ್ತೋ ಸಿಡಿದ ಚಕ್ಕೆಯ ಗುರುತು.
'ನನ್ನ ಯಾವ ಪಟ್ಟೀಲಿ ಬರ್ಕೋತೀರ?
ಸಿಟೀದಾ, ಹಳ್ಳೀದಾ?'

ಜನರೇಟರ್ ಗುಡುಗಿತು. ಓತಿಕ್ಯಾತ ಗೋಡೆಯಾಚೆ ಜಾರಿದ.
ನಾನು ಹಾಳೆ ತುಂಬಿದೆ.
ದಿನಾಂಕ, ವೇಳೆ. ಸಂಖ್ಯೆ ನಲವತ್ತೊಂದು, ಗಂಡು.
ಕೂತ ಜಾಗ: 'ಬಂಡೆ' ಹೊಡೆದುಹಾಕಿ 'ಗೋಡೆ'.
ಕೊನೆಗೆ ಷರಾ ಎಂಬ ಕಾಲಂ, ಒಂದು ಬೆರಳಗಲ.
ಬಹಳ ಹೊತ್ತು ಪೆನ್ನು ಹಿಡಿದು ನಿಂತು, ಬರೆದೆ:
ಮಣಿ ಮೂರೂ ಇವೆ.